ಇವತ್ತು ಯಾರು ಬಂದಿಲ್ಲ?

ಝುಲ್ವೆ, ರೆಯೊ ಸೀಮೆ
14 ಅಕ್ಟೋಬರ್ 1992

ಮಾನ್ಯ ಬಾಝಿಯೆಯವರಿಗೆ,

ನಾನು ಝಲಿಸಾ ಬಾನ್ಸೆ. ನೀವು ಬಿಟ್ಟುಹೋದ ತರಗತಿಗೆ ಈ ತಿಂಗಳ ಒಂದನೇ ತಾರೀಖಿನಿಂದ ನಾನು ಟೀಚರು. ನಿಮ್ಮ ಮೊದಲ ವರ್ಷದ ಮಕ್ಕಳು ಈಗ ಎರಡನೇ ವರ್ಷಕ್ಕೆ ಬಂದು ನನ್ನ ಮುಂದೆ ಕೂತಿದ್ದಾರೆ, ಎಪ್ಪತ್ತೊಂದು ಜನ. ನೀವು ನಮ್ಮೂರು ಲೆಂಗಾಕ್ಕೇ ವರ್ಗ ಕೇಳಿಕೊಂಡು ಹೋದಿರೆಂದು ಹೆಡ್‌ಮಾಸ್ಟರು ಹೇಳಿದರು. ವಿಳಾಸವನ್ನೂ ಅವರೇ ಕೊಟ್ಟರು.

ವಿಷಯಕ್ಕೆ ಬರುತ್ತೇನೆ. ನಿಮ್ಮ ಪಾಠದ ದಿನಚರಿಯ ಪ್ರಕಾರ ಮೊದಲ ವರ್ಷದ ಅರವತ್ತು ಫ್ರೆಂಚ್ ಪಾಠಗಳೂ ಮುಗಿದಿವೆ. ಹುಡುಗರು ಕೆಲವನ್ನು ಚೆನ್ನಾಗಿಯೇ ಮಾಡುತ್ತಾರೆ. "ನಾನು ಏಳುತ್ತೇನೆ, ನಾನು ಬಾಗಿಲಿಗೆ ಹೋಗುತ್ತೇನೆ, ನಾನು ಬಾಗಿಲು ತೆರೆಯುತ್ತೇನೆ" ಎಂದು ಎದ್ದು, ನಡೆದು, ತೆರೆದು ತೋರಿಸುತ್ತಾರೆ. ಆದರೆ ದಿನಾ ಬೆಳಿಗ್ಗೆ ಮೊದಲು ಮಾಡಿಸಬೇಕಾದ ಅಭ್ಯಾಸ ಇದೆಯಲ್ಲ, "ಇವತ್ತು ಯಾರು ಬಂದಿಲ್ಲ?" ಎಂಬುದು, ಅದನ್ನು ಕೇಳಿದರೆ ಎಪ್ಪತ್ತೊಂದು ಬಾಯಿಗೂ ಬೀಗ. ಅದು ಒಂದನೇ ಪಾಠ. ಹೆಸರು ಹೇಳಿ "ಬಂದಿಲ್ಲ" ಎಂದರೆ ಮುಗಿಯಿತು. ಎರಡು ವಾರದಿಂದ ಗಂಟಲು ಹರಿದುಕೊಳ್ಳುತ್ತಿದ್ದೇನೆ. ನೀವು ಇದನ್ನು ಹೇಗೆ ಮಾಡಿಸುತ್ತಿದ್ದಿರಿ?

ನನಗೆ ಅವಸರ ಇದೆ, ಮುಚ್ಚುಮರೆ ಏಕೆ. ಖಾಯಂ ಆಗುವ ಪರೀಕ್ಷೆಯಲ್ಲಿ ಒಮ್ಮೆ ಬಿದ್ದಿದ್ದೇನೆ. ಇನ್ಸ್‌ಪೆಕ್ಟರು ಈ ವರ್ಷ ಎರಡು ಸಲ ಬರುತ್ತಾರೆ, ಜನವರಿಯಲ್ಲಿ ನೋಡಲು, ಮೇ ತಿಂಗಳಲ್ಲಿ ಅಂಕ ಹಾಕಲು. ಈ ಸಲವೂ ಬಿದ್ದರೆ ಬಳಪ ಕೆಳಗಿಟ್ಟು ಮನೆಗೆ ಹೋಗಬೇಕು. ದಯವಿಟ್ಟು ಬೇಗ ಬರೆಯಿರಿ.

ನಿಮ್ಮ,
ಝಲಿಸಾ ಬಾನ್ಸೆ


ಲೆಂಗಾ, ಗರಂಗೊ ಸೀಮೆ
2 ನವೆಂಬರ್ 1992

ಎಲೇ ಕಡಲೆಕಾಯಿ ಕಳ್ಳಿ,

"ಮಾನ್ಯ" ಎಂದು ಬರೆಯಲು ನಿನಗೆ ಯಾರು ಹೇಳಿಕೊಟ್ಟರು? ಬಾನ್ಸೆ ಮನೆತನದ ಬಿಸ್ಸಾ ಹೆಣ್ಣು ಗುರುನ್ಸಿಗಳ ಊರಿಗೆ ಬಂದು, ಗುರುನ್ಸಿ ಗಂಡಸಿಗೆ ಹೀಗೆ ಕೈಮುಗಿದು ಪತ್ರ ಬರೆದದ್ದು ಗೊತ್ತಾದರೆ ನಿನ್ನ ಅಜ್ಜಂದಿರು ಗೋರಿಯಿಂದ ಎದ್ದು ಬರುತ್ತಾರೆ. ಬಿಸ್ಸಾ, ಗುರುನ್ಸಿ ಎರಡು ಕುಲಗಳ ನಡುವೆ ನಮ್ಮ ಹಿರಿಯರು ಮಾಡಿಟ್ಟ ಬೈದಾಟದ ನಂಟು ಇದು. ನೀನು ನನ್ನನ್ನು ನಾಯಿತಲೆ ತಿನ್ನುವವನು ಎಂದು ಬೈಯಬಹುದು, ನಾನು ನಿನ್ನನ್ನು ಕಡಲೆಕಾಯಿ ಕಳ್ಳಿ ಎಂದು ಬೈಯುತ್ತೇನೆ, ಸಿಟ್ಟಾಗುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ. ನೀನು ನನ್ನ ಆಳು, ಮರೆಯಬೇಡ.

ನಿನ್ನ ಊರಿನ ಸುದ್ದಿ ಕೇಳು. ಇಲ್ಲಿಯ ಹುಡುಗರು ಜೇಬಿನ ತುಂಬ ಕಡಲೆಕಾಯಿ ತುಂಬಿಕೊಂಡೇ ಶಾಲೆಗೆ ಬರುತ್ತಾರೆ. "ನನ್ನ ಬಳಿ ಇದೆ, ನಿನ್ನ ಬಳಿ ಇದೆ, ಅವನ ಬಳಿ ಇದೆ" ಪಾಠಕ್ಕೆ ಬೇರೆ ಸಾಮಾನೇ ಬೇಡ. "ನನ್ನ ಬಳಿ ಕಡಲೆಕಾಯಿ ಇದೆ" ಎಂದವನು ಮುಷ್ಟಿ ಬಿಚ್ಚಿ ತೋರಿಸುವಷ್ಟರಲ್ಲಿ ಪಕ್ಕದವನು ಬಾಯಿಗೆ ಹಾಕಿಕೊಂಡು "ನನ್ನ ಬಳಿ ಇದೆ" ಎನ್ನುತ್ತಾನೆ. ನಿನ್ನ ಚಿಕ್ಕಪ್ಪ ಒಬ್ಬರು ಸಂತೆಯಲ್ಲಿ ಸಿಕ್ಕಿ, ನಾಯಿತಲೆ ತಿನ್ನುವವನು ಬಂದನೆಂದು ತಮ್ಮ ನಾಯಿಯನ್ನು ಎತ್ತಿ ಕಂಕುಳಲ್ಲಿ ಬಚ್ಚಿಟ್ಟುಕೊಂಡರು. ನನಗೆ ಇಲ್ಲಿ ಸುಖವಾಗಿದೆ.

ಆ ಬಂದಿಲ್ಲದವರ ಅಭ್ಯಾಸವನ್ನು ಬಿಟ್ಟುಬಿಡು. ಅದೇನು ಮಹಾ. ಬರೆದು ಪಾಟಿ ಎತ್ತಿ ತೋರಿಸುವುದರಿಂದ ಶುರು ಮಾಡು. ಕ್ಲೆಮಾಂಸ್ ಬಾಯಾಲಾ ಎಂಬ ಪುಟ್ಟ ಹುಡುಗಿ ಇದ್ದಾಳೆ, ಅವಳು ಬಾಯಿ ಬಿಟ್ಟರೆ ಉಳಿದವರು ಹಿಂದೆ ಬರುತ್ತಾರೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಈಗ ಯಾರು ಕೂರುತ್ತಾರೆ?

ನಿನ್ನ ಧಣಿ,
ಅನ್ಸೆಲ್ಮ್ ಬಾಝಿಯೆ


ಝುಲ್ವೆ
29 ನವೆಂಬರ್ 1992

ನಾಯಿತಲೆ ತಿನ್ನುವವನಿಗೆ,

ಸರಿ, ನಿನ್ನ ದಾರಿಗೇ ಬಂದೆ. ನಿಮ್ಮೂರಿನಲ್ಲಿ ನಾಯಿ ಬೊಗಳುವುದೇ ಕೇಳಿಸುವುದಿಲ್ಲ, ಏಕೆಂದು ಕೇಳಬೇಕಾಗಿಲ್ಲ. ನಿನ್ನ ಜನ ಒಳ್ಳೆಯವರು. ಹೆಡ್‌ಮಾಸ್ಟರ ಹೆಂಡತಿ ಸಜ್ಜೆ ಮುದ್ದೆ, ಪುಂಡಿಸೊಪ್ಪಿನ ಸಾರು ಕಳಿಸಿ, "ಆಳಿಗೂ ಹೊಟ್ಟೆ ಇರತ್ತಲ್ಲಾ" ಅಂತ ಹೇಳಿಕಳಿಸುತ್ತಾರೆ. ಹೊಟ್ಟೆಗೆ ತೊಂದರೆ ಇಲ್ಲ, ತೊಂದರೆಯೆಲ್ಲ ತರಗತಿಯಲ್ಲಿ.

ಮೊನ್ನೆ ಫ್ರೆಂಚ್‌ನ ಗಂಡು ಪದ, ಹೆಣ್ಣು ಪದ ಮಾಡಿಸಿದೆ. ಮೇಜು ಹೆಣ್ಣು, ಬೆಂಚು ಗಂಡು, ಬಳಪ ಹೆಣ್ಣು, ಹಲಗೆ ಗಂಡು. ಹೆಣ್ಣಾದರೆ ಹುಡುಗಿಯರು ಮುಟ್ಟಿ ಹೇಳಬೇಕು, ಗಂಡಾದರೆ ಹುಡುಗರು. ಹಿಂದಿನಿಂದ ಒಬ್ಬ ತನ್ನ ಭಾಷೆಯಲ್ಲೇ, "ಮದಾಂ, ಮೇಜು ಹೆಣ್ಣಾದ್ರೆ ಅದಕ್ಕೆ ಗಂಡು ನೋಡೋದು ಯಾವಾಗ?" ಅಂದ. ನಾನೂ ನಕ್ಕೆ. ಅಷ್ಟು ಚೂಟಿ ಇದ್ದಾರೆ. ಅಷ್ಟು ಚೂಟಿ ಇರುವವರು ಬೆಳಿಗ್ಗೆ ಆ ಒಂದು ಪ್ರಶ್ನೆ ಬಂದ ಕೂಡಲೇ ಕಲ್ಲಾಗುತ್ತಾರೆ. ನೀನು ಹೇಳಿದ ಕ್ಲೆಮಾಂಸ್ ಎಲ್ಲರಿಗಿಂತ ದೊಡ್ಡ ಕಲ್ಲು. ಇದು ಹಟ ಎಂದೇ ನನ್ನ ಎಣಿಕೆ. ಬಿಡು ಎಂದೆಯಲ್ಲ, ಹೇಗೆ ಬಿಡಲಿ? ಇನ್ಸ್‌ಪೆಕ್ಟರು ಒಳಗೆ ಬಂದ ಕೂಡಲೇ ಕೇಳುವುದೇ ಅದನ್ನು.

ಕಿಟಕಿ ಪಕ್ಕದ ಬೆಂಚು ಖಾಲಿ. ಬೇರೆ ಬೆಂಚಿನಲ್ಲಿ ಆರಾರು ಮಂದಿ ತೊಡೆಯ ಮೇಲೆ ತೊಡೆ ಹಾಕಿಕೊಂಡು ಕೂರುತ್ತಾರೆ, ಅಲ್ಲಿಗೆ ಹೋಗಿ ಎಂದರೆ ಹೋಗುವುದಿಲ್ಲ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ನಿನ್ನ ದಿನಚರಿಯಲ್ಲಿ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗಿನ ಪಾಠಗಳೆಲ್ಲ ಒಂದೇ ಶಾಯಿ, ಒಂದೇ ಕೈಬೀಸು. ಒಂದೇ ದಿನ ಕೂತು ಬರೆದದ್ದು, ನನಗೂ ಕಣ್ಣಿದೆ. ಮೂವತ್ತಾರನೇ ಪಾಠದಿಂದಾಚೆ ಮಕ್ಕಳಿಗೆ ಒಂದಕ್ಷರ ಬರುವುದಿಲ್ಲ. ಆ ಪಾಠಗಳು ಆಗಿಲ್ಲವೆಂದು ಇನ್ಸ್‌ಪೆಕ್ಟರಿಗೆ ನಾಲ್ಕು ಸಾಲು ಬರೆದುಬಿಡು. ನಿನಗೆ ಒಂದು ಗದರಿಕೆ ಸಿಗಬಹುದು. ಬರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ.

ಝಲಿಸಾ


ಲೆಂಗಾ
20 ಡಿಸೆಂಬರ್ 1992

ನನ್ನ ಆಳಿಗೆ,

ಧಣಿಯ ಮೇಲೆ ದೂರು ಕೊಡು ಎಂದು ಧಣಿಗೇ ಹೇಳುವವಳು ನೀನೊಬ್ಬಳೇ. ಪತ್ರವನ್ನು ನಿನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಜೋಳದ ಹೆಂಡದ ಬುರುಡೆ ಕೆಳಗಿಟ್ಟು ನಕ್ಕರು. "ಈ ಹುಡುಗಿ ಬೈಯೋದು ನೋಡು, ನಿಜವಾಗ್ಲೂ ಸಿಟ್ಟು ಬಂದಿರೋ ಹಂಗೇ ಬೈತಾಳೆ" ಅಂದರು. ಅಷ್ಟು ಚೆನ್ನಾಗಿ ಬರೆದಿದ್ದೀಯ.

ಇನ್ಸ್‌ಪೆಕ್ಟರು ಬಂದಾಗ ಒಳ್ಳೆಯ ಬಟ್ಟೆ ಹಾಕಿಕೋ, ಹಲಗೆಯ ಮೇಲೆ ತಾರೀಖನ್ನು ದುಂಡಗೆ ಬರೆ, ಎಲ್ಲ ಸರಿಹೋಗುತ್ತದೆ. ಕ್ರಿಸ್‌ಮಸ್‌ಗೆ ನಿನಗೊಂದು ಉಡುಗೊರೆ ಕಳಿಸಿದ್ದೇನೆ. ಕುದುಗು ಪೇಟೆಯವರೆಗೆ ಲಾರಿ, ಅಲ್ಲಿಂದ ಮುಂದೆ ಯಾರು ಸಿಗುತ್ತಾರೋ ಅವರು ತರುತ್ತಾರೆ.

ಅನ್ಸೆಲ್ಮ್


ಝುಲ್ವೆ
23 ಜನವರಿ 1993

ಶ್ರೀ ಬಾಝಿಯೆಯವರಿಗೆ,

ನಿಮ್ಮ ಉಡುಗೊರೆ ಗುರುವಾರ ತಲುಪಿತು. ಒಂದು ಚೀಲದ ತುಂಬ ಕಡಲೆಕಾಯಿ ಸಿಪ್ಪೆ. ಬೇರೆ ದಿನ ಬಂದಿದ್ದರೆ ನಾನೂ ನಗುತ್ತಿದ್ದೆ. ಗುರುವಾರ ಬೆಳಿಗ್ಗೆಯೇ ಇನ್ಸ್‌ಪೆಕ್ಟರೂ ಬಂದಿದ್ದರು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅವರು ಒಳಗೆ ಬಂದರು, ಮಕ್ಕಳು ಎದ್ದು ನಮಸ್ಕಾರ ಹೇಳಿದರು, ಕೂತರು. ನಾನು ನಿಮ್ಮ ಮಾತು ಕೇಳಿ ಪಾಟಿಯಿಂದ ಶುರು ಮಾಡಲು ಹೋದೆ. ಅವರು ಕೈ ಅಡ್ಡ ಹಿಡಿದು ತಾವೇ ಕೇಳಿದರು, "ಇವತ್ತು ಯಾರು ಬಂದಿಲ್ಲ?" ಯಾರೂ ಉಸಿರೆತ್ತಲಿಲ್ಲ. ಅವರು ಮತ್ತೆ ಕೇಳಿದರು. ನಾನು ಕಣ್ಣಿನಲ್ಲೇ ಕ್ಲೆಮಾಂಸ್‌ಗೆ ಸನ್ನೆ ಮಾಡಿದೆ. ಅವಳು ಎದ್ದು ನಿಂತಳು, ಬಾಯಿ ತೆರೆದಳು, ಅಳಲು ಶುರು ಮಾಡಿದಳು. ಅವಳ ಅಳು ಕೇಳಿ ಇನ್ನೂ ನಾಲ್ಕು ಮಂದಿ ಅತ್ತರು. ಇನ್ಸ್‌ಪೆಕ್ಟರು ನಿಮ್ಮ ದಿನಚರಿ ತೆರೆದು ನೋಡಿ ನನ್ನ ವರದಿಯಲ್ಲಿ ಬರೆದರು: "ಕಳೆದ ವರ್ಷ ಅರವತ್ತು ಪಾಠ ಕಲಿತ ತರಗತಿ ನಾಲ್ಕು ತಿಂಗಳಲ್ಲಿ ಮೊದಲನೆಯ ಪಾಠವನ್ನೂ ಮರೆತಿದೆ." ಮರೆಸಿದವಳು ನಾನು ಎಂದಾಯಿತು.

ಅವರು ಹೋದ ಮೇಲೆ ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಕ್ಲೆಮಾಂಸ್‌ಳನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಧೂಳುಗಾಳಿ ಬೀಸುತ್ತಿತ್ತು. ಮಧ್ಯಾಹ್ನದವರೆಗೂ ನಿಂತಳು.

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಅಜ್ಜಂದಿರ ನಂಟು ಪಕ್ಕಕ್ಕಿರಲಿ. ಆಡಿದ್ದೆಲ್ಲ ತಮಾಷೆಯಾದರೆ ನಿಜ ಹೇಳಬೇಕಾದಾಗ ನಾನು ಯಾವ ಭಾಷೆಯಲ್ಲಿ ಹೇಳಲಿ? ದಿನಚರಿ ಸುಳ್ಳೆಂದು ಇನ್ಸ್‌ಪೆಕ್ಟರಿಗೆ ಬರೆಯಿರಿ. ಇಲ್ಲದಿದ್ದರೆ ನನಗೆ ಏನನ್ನೂ ಬರೆಯಬೇಡಿ.

ಝಲಿಸಾ ಬಾನ್ಸೆ


ಲೆಂಗಾ
11 ಫೆಬ್ರವರಿ 1993

"ಶ್ರೀ" ಅಂತೆ, "ನೀವು" ಅಂತೆ! ಬಿಸ್ಸಾ ಹೆಣ್ಣು ಬಹುವಚನದಲ್ಲಿ ಬೈಯುವುದನ್ನು ಇವತ್ತೇ ಕಂಡೆ. ಸಿಪ್ಪೆ ಸಾಲದೆಂದು ಸಿಟ್ಟೇ? ಮುಂದಿನ ಲಾರಿಗೆ ಇನ್ನೊಂದು ಚೀಲ ಕಳಿಸುತ್ತೇನೆ. ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ. ಅದು ಮಾತ್ರ ಬೇಡ.

ಧಣಿ


ಝುಲ್ವೆ
25 ಫೆಬ್ರವರಿ 1993

ಬಾಝಿಯೆಯವರೇ,

ಕ್ಲೆಮಾಂಸ್ ಶಾಲೆಗೆ ಬಾರದೆ ಹದಿನೆಂಟು ದಿನವಾಯಿತು. ನಿನ್ನೆ ಅವಳ ಮನೆಗೆ ಹೋದೆ. ಅವಳ ತಾಯಿ ಕೂರಲು ಮಣೆ ಕೊಟ್ಟರು, ನೀರು ಕೊಟ್ಟರು, ತಮಾಷೆಗೂ ಒಂದು ಬೈಗುಳ ಕೊಡಲಿಲ್ಲ. ಮಗು ಏಕೆ ಉತ್ತರ ಹೇಳುವುದಿಲ್ಲವೆಂದು ಕೇಳಿದೆ. "ಅದನ್ನ ಹೋದ ವರ್ಷ ಪಾಠ ಮಾಡಿದ ಮೊಸಿಯೆಯವರನ್ನೇ ಕೇಳ್ಕೊಳಿ" ಅಂದರು. ಅಷ್ಟೇ ಹೇಳಿ ಒಳಗೆ ಹೋದರು.

ಕೇಳುತ್ತಿದ್ದೇನೆ.

ಝ. ಬಾ.


ಲೆಂಗಾ
9 ಮಾರ್ಚ್ 1993

ಝಲಿಸಾ ಬಾನ್ಸೆಯವರಿಗೆ,

ಈ ಪತ್ರವನ್ನು ನಿಮ್ಮ ಚಿಕ್ಕಪ್ಪನಿಗೆ ಓದಿ ಹೇಳಿಲ್ಲ.

ಹೋದ ಮಾರ್ಚಿನಲ್ಲಿ ಧೂಳುಗಾಳಿಯ ಜೊತೆ ಕತ್ತು ಸೆಟೆಯುವ ಜ್ವರ ಬಂತು. ರೆಯೊದಲ್ಲಿ ಬಂದಿದೆ ಎಂದು ಕೇಳಿದ್ದೆವು, ನಮ್ಮೂರಿಗೆ ಬಂದದ್ದು ಗೊತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಕೇಳಿದೆ, "ಇವತ್ತು ಯಾರು ಬಂದಿಲ್ಲ?" ಕ್ಲೆಮಾಂಸ್ ಎದ್ದು ನಮ್ಮ ಭಾಷೆಯಲ್ಲಿ ಏನೋ ಹೇಳಲು ಹೊರಟಳು. ತರಗತಿಯೊಳಗೆ ಮನೆಭಾಷೆ ಕೂಡದು ಎಂಬುದು ನನ್ನ ಕಟ್ಟುನಿಟ್ಟು. ಅವಳನ್ನು ತಡೆದು, "ಫ್ರೆಂಚ್‌ನಲ್ಲಿ ಹೇಳು" ಎಂದೆ. ಅವಳು ನಿಂತಲ್ಲೇ ಯೋಚಿಸಿದಳು. ಆಮೇಲೆ, "ಎಬು ಬಂದಿಲ್ಲ" ಎಂದಳು. ಯಾರ ಸಹಾಯವೂ ಇಲ್ಲದೆ ಅವಳು ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಒಂದು ತಪ್ಪಿರಲಿಲ್ಲ. ನಾನು ಭೇಷ್ ಎಂದೆ. ಸರಿಯುತ್ತರಕ್ಕೆ ಇಡೀ ತರಗತಿ ತಾಳ ಹಾಕಿ ಚಪ್ಪಾಳೆ ಹೊಡೆಯುವ ಪದ್ಧತಿ ಇದೆಯಲ್ಲ, ಅದನ್ನೂ ಹೊಡೆಸಿದೆ.

ಎಬು ಬಾದೊ ಅವಳ ದೊಡ್ಡಮ್ಮನ ಮಗ. ಆ ದಿನ ಬೆಳಗಿನ ಜಾವ ಸತ್ತಿದ್ದ. ಮಕ್ಕಳಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಸತ್ತ ಎನ್ನಲು ಅವರ ಬಳಿ ಫ್ರೆಂಚ್ ಇರಲಿಲ್ಲ. ಆ ಅರವತ್ತು ಪಾಠಗಳಲ್ಲಿ ಎಲ್ಲೂ ಆ ಪದ ಇಲ್ಲ, ನಾನು ಹುಡುಕಿದ್ದೇನೆ. ಬುಧವಾರ ಎಯೊಮಾ ಹೋದಳು, ಶನಿವಾರ ಮಾರ್ತಿನ್. ಮೂವರೂ ಕಿಟಕಿ ಪಕ್ಕದ ಬೆಂಚಿನವರು.

ನಮ್ಮಲ್ಲಿ ದೊಡ್ಡವರು ಸತ್ತರೆ ನಿಮ್ಮ ಬಿಸ್ಸಾ ಜನ ಬರುತ್ತಾರೆ. ಸತ್ತವನ ಟೋಪಿ ಹಾಕಿಕೊಂಡು, ಅವನ ಹಾಗೆ ನಡೆದು, ಅವನ ಹಾಗೆ ಕೆಮ್ಮಿ, ಅಳುವವರನ್ನು ನಗಿಸುತ್ತಾರೆ. ಆಮೇಲೆ ನಮಗೆ ಬಾಯಿ ಬರುತ್ತದೆ. ಚಿಕ್ಕ ಮಕ್ಕಳಿಗೆ ಅದೆಲ್ಲ ಇಲ್ಲ, ಸದ್ದಿಲ್ಲದೆ ಹೂತು ಬರುತ್ತಾರೆ. ತರಗತಿಗಂತೂ ಯಾರು ಬರುತ್ತಾರೆ?

ಜ್ವರಕ್ಕೆಂದು ಮುಚ್ಚಿದ್ದ ಶಾಲೆ ಮತ್ತೆ ತೆರೆದ ಮೇಲೆ ನನಗೆ ಒಂದು ಪ್ರಶ್ನೆ ಕೇಳಲೂ ಆಗಲಿಲ್ಲ. ಜೂನ್ ಮಧ್ಯದವರೆಗೂ ಅವರನ್ನು ಆಡಲು ಬಿಟ್ಟು ಕುರ್ಚಿಯಲ್ಲಿ ಕೂತಿದ್ದೆ. ಕೊನೆಯ ದಿನ ದಿನಚರಿ ತುಂಬಿದೆ. ಆಮೇಲೆ ಎಲ್ಲಕ್ಕಿಂತ ದೂರದ ಸೀಮೆಗೆ ವರ್ಗ ಕೇಳಿದೆ. ನಿಮ್ಮ ಪತ್ರಗಳನ್ನು ತಮಾಷೆ ಎಂದುಕೊಂಡದ್ದು ಅರ್ಧ ನಿಜ. ಇನ್ನರ್ಧ, ಹಾಗೆಂದುಕೊಂಡರೆ ನನಗೆ ಅನುಕೂಲವಾಗಿತ್ತು.

ಇನ್ಸ್‌ಪೆಕ್ಟರಿಗೆ ನಿನ್ನೆ ಬರೆದು ಕಳಿಸಿದ್ದೇನೆ.

ಅನ್ಸೆಲ್ಮ್ ಬಾಝಿಯೆ


ಝುಲ್ವೆ
2 ಜೂನ್ 1993

ಅನ್ಸೆಲ್ಮ್,

ಮೂರು ತಿಂಗಳು ಬರೆಯಲಿಲ್ಲ. ಮೊದಲು ಸಿಟ್ಟಿನಿಂದ, ಆಮೇಲೆ ನಾಚಿಕೆಯಿಂದ. ನೀನು ಆ ಮಗುವಿಗೆ ಚಪ್ಪಾಳೆ ಹೊಡೆಸಿದೆ, ಗೊತ್ತಿಲ್ಲದೆ. ನಾನು ಅದೇ ಮಾತಿಗಾಗಿ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದೆ, ಕೇಳದೆ. ಇಬ್ಬರಲ್ಲಿ ಯಾರು ಹೆಚ್ಚು ಎಂದು ತೂಗಿ ನೋಡುತ್ತಾ ಕೂತರೆ ಪ್ರಯೋಜನವಿಲ್ಲ.

ನಿನ್ನ ಪತ್ರ ಬಂದ ದಿನವೇ ಕ್ಲೆಮಾಂಸ್ ಮನೆಗೆ ಹೋಗಿ ಅವಳ ತಾಯಿಯ ಮುಂದೆ ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ. ನಾನು ಬಿಸ್ಸಾ, ಸಾವಿನ ಮನೆಯಲ್ಲಿ ನಮಗೊಂದು ಕೆಲಸ ಇದೆ, ಅದನ್ನು ತರಗತಿಯಲ್ಲಿ ಮಾಡಲು ಅಪ್ಪಣೆ ಬೇಕು ಎಂದು ಕೇಳಿದೆ. ಆಕೆ ಎಬುವಿನ ತಾಯಿಯನ್ನೂ ಕರೆಸಿದರು. ಎಬುವಿನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದು ವರ್ಷ ತಡ ಮಾಡಿ ಬಂದಿದ್ದೀಯ, ಸೋಮಾರಿ ಆಳು" ಅಂದರು. ಆ ಬೈಗುಳವೇ ಅಪ್ಪಣೆ. ಉಳಿದ ಎರಡು ಮನೆಯವರೂ ಒಪ್ಪಿದರು.

ಮರುದಿನ ಮಕ್ಕಳಿಗೆ ಹೇಳಿದೆ, ನಾನು ಎಬು ಎಂದು. ಕಿಟಕಿ ಪಕ್ಕದ ಬೆಂಚಿನಲ್ಲಿ ಹೋಗಿ ಕೂತೆ. ಯಾರೂ ಅಲುಗಲಿಲ್ಲ. ನಾನು ಅವನನ್ನು ಕಂಡವಳೇ ಅಲ್ಲವಲ್ಲ, ಬಾಯಿಗೆ ಬಂದ ಹಾಗೆ ನಟಿಸಿದೆ, ದೊಡ್ಡ ಹೆಜ್ಜೆ ಹಾಕಿ ನಡೆದೆ, ಕೈ ಬೀಸಿದೆ. ಹಿಂದಿನ ಬೆಂಚಿನವನಿಗೆ ತಡೆಯಲಾಗಲಿಲ್ಲ. ತನ್ನ ಭಾಷೆಯಲ್ಲಿ, "ಎಬು ಹಂಗೆ ನಡೆಯಲ್ಲ" ಅಂದ. ನಾನು ತಡೆಯಲಿಲ್ಲ. ಇನ್ನೊಬ್ಬ ಎದ್ದು ನಡೆದು ತೋರಿಸಿದ. ಮೂರನೆಯವಳು ಫ್ರೆಂಚ್‌ನಲ್ಲಿ, "ಎಬು ಓಡುತ್ತಾನೆ" ಎಂದಳು. ಓಡಿದೆ. "ಎಬು ಬೀಳುತ್ತಾನೆ." ಬಿದ್ದೆ, ಮೊಣಕಾಲು ತರಚಿತು. "ಎಬು ಬಳಪ ತಿನ್ನುತ್ತಾನೆ." ತಿಂದೆ, ಅನ್ಸೆಲ್ಮ್, ಎಪ್ಪತ್ತು ಮಕ್ಕಳ ಮುಂದೆ. ಆಗ ಅವರು ನಕ್ಕರು, ಆಮೇಲೆ ಅತ್ತರು, ಮತ್ತೆ ನಕ್ಕರು. ಕದ್ದ ಬಳಪ ತಿನ್ನುವುದು ಬಿಸ್ಸಾಗಳಿಗೆ ಅಭ್ಯಾಸ ಎಂದು ಬೈದರು. ಎಯೊಮಾಳ ಬಳಿ ಕೆಂಪು ರಿಬ್ಬನ್ ಇದೆ, ಮಾರ್ತಿನ್ ಎಡಗೈಯಲ್ಲಿ ಬರೆಯುತ್ತಾನೆ, ಮಾರ್ತಿನ್ ದೊಡ್ಡದಾಗಿ ಸೀನುತ್ತಾನೆ. ಒಂದು ಗಂಟೆ ಹಾಗೆ ನಡೆಯಿತು. ಐದು ತಿಂಗಳು ಗಂಟಲು ಹರಿದುಕೊಂಡರೂ ಬಾರದ ಕ್ರಿಯಾಪದಗಳೆಲ್ಲ ಅವತ್ತು ಒಂದರ ಹಿಂದೆ ಒಂದು ಬಂದವು. ನಾನು ಒಂದನ್ನೂ ತಿದ್ದಲಿಲ್ಲ.

ಅವತ್ತು ಕ್ಲೆಮಾಂಸ್ ಬಂದಿರಲಿಲ್ಲ. ಸುದ್ದಿ ಅವಳ ಕಿವಿಗೆ ಬಿದ್ದಿರಬೇಕು, ಮಾರನೆಯ ದಿನ ಬಾಗಿಲಲ್ಲಿ ನಿಂತು ನೋಡಿದಳು. ಅದರ ಮಾರನೆಯ ದಿನ ಒಳಗೆ ಬಂದು ಆ ಬೆಂಚಿನಲ್ಲಿ ಕೂತಳು.

ಮೇ ಹತ್ತೊಂಬತ್ತಕ್ಕೆ ಇನ್ಸ್‌ಪೆಕ್ಟರು ಬಂದರು. ನಿನ್ನ ಪತ್ರ ಅವರಿಗೆ ತಲುಪಿತ್ತು, ಅದರ ಬಗ್ಗೆ ಏನೂ ಅನ್ನಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ ಅದೇ ಪ್ರಶ್ನೆ ಕೇಳಿದರು. ಮೂವರು ಎದ್ದು ಒಬ್ಬೊಬ್ಬರು ಒಂದೊಂದು ವಾಕ್ಯ ಹೇಳಿದರು: ಎಬು ಬಂದಿಲ್ಲ, ಎಯೊಮಾ ಬಂದಿಲ್ಲ, ಮಾರ್ತಿನ್ ಬಂದಿಲ್ಲ. ಅವರು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದರು, ಆ ಹೆಸರುಗಳು ಸಿಗಲಿಲ್ಲ. ನನ್ನ ಕಡೆ ನೋಡಿದರು. ನಾನು ಎದ್ದು, ಇವರು ಕಳೆದ ವರ್ಷ ಜ್ವರದಲ್ಲಿ ತೀರಿಕೊಂಡವರು ಎಂದೆ. ಅವರು ಪುಸ್ತಕ ಮುಚ್ಚಿದರು. ಆಮೇಲೆ ಒಂದು ಗಂಟೆ ಪಾಠ ನೋಡಿದರು. ಇಪ್ಪತ್ತಕ್ಕೆ ಹನ್ನೆರಡು ಅಂಕ ಹಾಕಿದ್ದಾರೆ, ಹತ್ತಿದ್ದರೆ ಸಾಕಾಗಿತ್ತು. ನಾನು ಖಾಯಂ ಆದೆ. ಅವರು ಹೋದ ಮೇಲೆ ಶಾಲೆಯ ಹಿಂದೆ ನಿಂತು ಅತ್ತೆ. ಸಂತೋಷಕ್ಕೆ ಮಾತ್ರ ಅಲ್ಲ.

ನಿನಗೆ ಪತ್ರ ಬರೆಯಲು ಕೂತದ್ದು ಇದನ್ನು ಹೇಳಲು ಅಲ್ಲ. ಆ ಮೂರು ಹೆಸರುಗಳಾದ ಮೇಲೆ ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿಟ್ಟು, ಮೆತ್ತಗೆ, "ಇನ್ನು ಯಾರು ಬಂದಿಲ್ಲ?" ಎಂದು ಕೇಳಿದ್ದರು. ಮುಗಿಯಿತೆಂದು ನಾನು ಅಂದುಕೊಂಡಿದ್ದೆ. ಕ್ಲೆಮಾಂಸ್ ಎದ್ದು ನಿಂತಳು. ನಾನು ಹೇಳಿಕೊಟ್ಟದ್ದಲ್ಲ, ಯಾರೂ ಹೇಳಿಕೊಟ್ಟದ್ದಲ್ಲ.

"ಮೊಸಿಯೆ ಬಾಝಿಯೆ ಬಂದಿಲ್ಲ" ಎಂದಳು.

ವಾಕ್ಯದಲ್ಲಿ ತಪ್ಪಿಲ್ಲ. ಶಾಲೆ ಮುಚ್ಚಲು ಇನ್ನು ಹದಿನಾರು ದಿನ ಇದೆ.

ಝಲಿಸಾ